ಪ್ರಕರಣ ಅಧ್ಯಯನ: ‘ಅಪ್ಪನ ಆಸ್ತಿ ಮಕ್ಕಳಿಗೇ’ ಎಂದು ಬರೆದುಕೊಟ್ಟ ರಾಜ

ಲಂಡನ್ ನಗರದ ದಾಖಲೆಗಳ ನಡುವೆ ಒಂದು ಚಿಕ್ಕ ಚರ್ಮದ ಪಟ್ಟಿ ಇದೆ. ಉದ್ದ ಆರು ಇಂಚು, ಅಗಲ ಒಂದೂವರೆ ಇಂಚು. ಎರಡು ಬೆರಳು ಜೋಡಿಸಿ ಇಟ್ಟರೆ ಅದರ ಅಗಲ ಮುಚ್ಚಿಹೋಗುತ್ತದೆ. ಬರೆದದ್ದು 1067ರಲ್ಲಿ. ಬರೆಸಿದವನು ನಾರ್ಮಂಡಿಯ (ಇಂದಿನ ಫ್ರಾನ್ಸಿನ ಉತ್ತರ ಭಾಗ) ಡ್ಯೂಕ್ ವಿಲಿಯಂ. ಅವನು ಇಂಗ್ಲೆಂಡಿನ ರಾಜನಾಗಿ ಇನ್ನೂ ಬಹಳ ದಿನ ಆಗಿರಲಿಲ್ಲ.

ಅದರಲ್ಲಿರುವುದು ಮೂರು ಮಾತು. ಎಡ್ವರ್ಡ್ ರಾಜನ ಕಾಲದಲ್ಲಿ ನಿಮಗೆ ಯಾವ ಕಟ್ಟಳೆಗಳಿದ್ದವೋ ಅವೆಲ್ಲ ಹಾಗೇ ಇರಲಿ. ಅಪ್ಪನ ಕಾಲ ಮುಗಿದ ಮೇಲೆ ಅವನ ಆಸ್ತಿಗೆ ಮಕ್ಕಳೇ ವಾರಸುದಾರರಾಗಲಿ. ನಿಮಗೆ ಯಾರೂ ಅನ್ಯಾಯ ಮಾಡಲು ನಾನು ಬಿಡುವುದಿಲ್ಲ. ಕೊನೆಯಲ್ಲಿ, ದೇವರು ನಿಮ್ಮನ್ನು ಕಾಪಾಡಲಿ ಅಂತ ಒಂದು ಹಾರೈಕೆ. ಎಲ್ಲವೂ ಅಂದಿನ ಜನರ ಇಂಗ್ಲಿಷ್‌ನಲ್ಲಿದೆ. ಬರೆಸಿದ ರಾಜನಿಗೆ ಆ ಭಾಷೆ ಬರುತ್ತಿರಲಿಲ್ಲ.

ಲಂಡನ್ ಜನರಿಗೆ ಕೊಟ್ಟ ಮಾತು ಅದು. ಆದರೆ ಆಗ ದೇಶದ ಎಲ್ಲ ಜಮೀನುದಾರರೂ ಹೊಸ ರಾಜನಿಂದ ಕೇಳಬೇಕೆಂದಿದ್ದದ್ದು ಇದೇ ಮಾತನ್ನು. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ದೊಡ್ಡ ಜಮೀನೆಲ್ಲ ಬೇರೆಯವರ ಕೈ ಸೇರಿತ್ತು. ಮಾತು ಎಲ್ಲಿ ತಪ್ಪಿತು, ಯಾವ ತೀರ್ಮಾನದಿಂದ ತಪ್ಪಿತು ಅನ್ನುವುದೇ ಈ ಪ್ರಕರಣ.

ಹೆಸರುಗಳ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ರಾಜರು, ಬಿಷಪ್ಪರು, ದೊಡ್ಡ ದೊರೆಗಳ ಹೆಸರು ಎಲ್ಲರಿಗೂ ಗೊತ್ತಿರುವಂಥವು. ಅವುಗಳನ್ನು ಹಾಗೇ ಇಟ್ಟಿದ್ದೇನೆ. ಆದರೆ ಇದರಲ್ಲಿ ಇಬ್ಬರು ಸಾಮಾನ್ಯ ಜನ ಬರುತ್ತಾರೆ. ಹಳೆಯ ದಾಖಲೆಯಲ್ಲಿ ಅವರ ಹೆಸರಿದೆ, ನಾನು ಬಿಟ್ಟಿದ್ದೇನೆ. ಅವರಿಗೆ ಆದದ್ದು ಸಾವಿರಾರು ಜನರಿಗೆ ಆಗಿತ್ತು. ಹೆಸರು ಹೇಳಿದರೆ ಅದು ಅವರೊಬ್ಬರ ಕಥೆಯಾಗಿಬಿಡುತ್ತದೆ.

ಹಿನ್ನೆಲೆ

1066ರ ಜನವರಿ 5ರಂದು ಇಂಗ್ಲೆಂಡಿನ ರಾಜ ಎಡ್ವರ್ಡ್ ತೀರಿಕೊಂಡ. ಮಕ್ಕಳಿರಲಿಲ್ಲ. ಮರುದಿನವೇ ದೇಶದ ಅತಿ ದೊಡ್ಡ ದೊರೆ ಹೆರಾಲ್ಡ್ ಕಿರೀಟ ಹಾಕಿಕೊಂಡ.

ಕಡಲಾಚೆ ನಾರ್ಮಂಡಿಯಲ್ಲಿ ವಿಲಿಯಂ ಇದನ್ನು ಒಪ್ಪಲಿಲ್ಲ. ಎಡ್ವರ್ಡನ ತಾಯಿ ಎಮ್ಮಾ ನಾರ್ಮಂಡಿಯವಳು. ಎಡ್ವರ್ಡ್ ಚಿಕ್ಕಂದಿನಿಂದ ಇಪ್ಪತ್ತೈದು ವರ್ಷದಷ್ಟು ಕಾಲ ತಾಯಿಯ ತವರಿನ ಆಶ್ರಯದಲ್ಲೇ ಇದ್ದವನು. ಅವನು ತನಗೇ ರಾಜ್ಯ ಕೊಡುವುದಾಗಿ ಮಾತು ಕೊಟ್ಟಿದ್ದ, ಹೆರಾಲ್ಡ್ ಕೂಡ ಅದಕ್ಕೆ ಆಣೆ ಇಟ್ಟಿದ್ದ ಅನ್ನುವುದು ವಿಲಿಯಂ ವಾದ. ಆ ಆಣೆ ಎಷ್ಟು ನಿಜ, ಎಷ್ಟು ಬಲವಂತ ಅನ್ನುವ ಚರ್ಚೆ ಇನ್ನೂ ಮುಗಿದಿಲ್ಲ. ನಮಗೆ ಮುಖ್ಯವಾದದ್ದು ಬೇರೆ. ‘ನಾನು ರಾಜ್ಯ ಗೆಲ್ಲಲು ಬರುತ್ತಿದ್ದೇನೆ’ ಎಂದು ವಿಲಿಯಂ ಹೇಳಲಿಲ್ಲ. ‘ನನಗೆ ಬರಬೇಕಾದ್ದನ್ನು ತೆಗೆದುಕೊಳ್ಳಲು ಬರುತ್ತಿದ್ದೇನೆ’ ಎಂದ. ಮುಂದಿನ ಗಂಟೆಲ್ಲ ಬಿದ್ದದ್ದು ಈ ಮಾತಿನಿಂದಲೇ.

ಯುದ್ಧದ ವಿವರ ನೂರು ಕಡೆ ಸಿಗುತ್ತದೆ, ನಾನು ಬೇಗ ದಾಟುತ್ತೇನೆ. ಆದರೆ ಒಂದು ದಿನಾಂಕದ ಹತ್ತಿರ ನಿಲ್ಲಲೇಬೇಕು. ಹೆರಾಲ್ಡ್ ಬೇಸಿಗೆಯಿಡೀ ದಕ್ಷಿಣ ಕರಾವಳಿಯಲ್ಲಿ ಸೈನ್ಯ ಇಟ್ಟುಕೊಂಡು ಕಾದಿದ್ದ. ಸೆಪ್ಟೆಂಬರ್ 8ರ ಹೊತ್ತಿಗೆ ಊಟದ ಸಾಮಾನು ಮುಗಿಯಿತು. ಜನರನ್ನು ಊರಿಗೆ ಕಳಿಸಿದ. ಅದೇ ತಿಂಗಳು ಉತ್ತರದಲ್ಲಿ ನಾರ್ವೆಯ ರಾಜ ಬಂದಿಳಿದ. ಹೆರಾಲ್ಡ್ ಯಾರ್ಕ್ ಕಡೆಗೆ ಓಡೋಡಿ ಹೋಗಿ ಸೆಪ್ಟೆಂಬರ್ 25ರಂದು ಸ್ಟ್ಯಾಮ್‌ಫರ್ಡ್ ಬ್ರಿಜ್‌ನಲ್ಲಿ ಅವನನ್ನು ಕೊಂದ. ಮೂರೇ ದಿನಕ್ಕೆ, 28ರಂದು, ವಿಲಿಯಂನ ಹಡಗುಗಳು ದಕ್ಷಿಣದ ಪೆವೆನ್ಸಿಯಲ್ಲಿ ದಡ ಸೇರಿದವು. ಅಲ್ಲಿ ತಡೆಯುವವರೇ ಇರಲಿಲ್ಲ. ಅಕ್ಟೋಬರ್ 14, ಶನಿವಾರ, ಹೇಸ್ಟಿಂಗ್ಸ್ ಹತ್ತಿರದ ದಿಬ್ಬದ ಮೇಲೆ ಬೆಳಗಿನಿಂದ ಕತ್ತಲಾಗುವವರೆಗೆ ಕಾದಾಟ ನಡೆಯಿತು. ಹೆರಾಲ್ಡ್ ಸತ್ತ. ಅವನ ಇಬ್ಬರು ತಮ್ಮಂದಿರೂ ಸತ್ತರು.

ಅಲ್ಲಿಗೆ ದೇಶ ಕೈಗೆ ಬಂತು ಅಂದುಕೊಂಡರೆ ತಪ್ಪು. ಲಂಡನ್ ಬಾಗಿಲು ತೆಗೆಯಲಿಲ್ಲ. ಅಲ್ಲಿನವರು ಎಡ್ಗರ್ ಎಂಬ ರಾಜವಂಶದ ಹುಡುಗನನ್ನು ಆರಿಸಿದರು. ವಿಲಿಯಂ ಥೇಮ್ಸ್ ನದಿಯ ದಕ್ಷಿಣಕ್ಕೆ ಊರು ಸುಡುತ್ತಾ, ದೊಡ್ಡ ಸುತ್ತು ಹಾಕಿ, ವಾಲಿಂಗ್‌ಫರ್ಡ್‌ನಲ್ಲಿ ಹೊಳೆ ದಾಟಿ ಬಂದ ಮೇಲೆ ಅವರು ಶರಣಾದರು.

ಕಿರೀಟದ ದಿನ

1066ರ ಕ್ರಿಸ್‌ಮಸ್. ವೆಸ್ಟ್‌ಮಿನ್‌ಸ್ಟರ್ ಚರ್ಚಿನಲ್ಲಿ ಪಟ್ಟಾಭಿಷೇಕ. ಯಾರ್ಕಿನ ಆರ್ಚ್‌ಬಿಷಪ್ ಇಂಗ್ಲಿಷ್‌ನಲ್ಲಿ ಕೇಳಿದ: ಈತ ನಿಮ್ಮ ರಾಜನಾಗುವುದು ನಿಮಗೆ ಒಪ್ಪಿಗೆಯಾ? ನಾರ್ಮನ್ ಬಿಷಪ್ ಒಬ್ಬ ಅದನ್ನೇ ಫ್ರೆಂಚ್‌ನಲ್ಲಿ ಕೇಳಿದ. ಎರಡು ಭಾಷೆಯ ಜನ ಒಟ್ಟಿಗೇ ಒಪ್ಪಿಗೆ ಕೂಗಿದರು.

ಹೊರಗೆ ಕಾವಲಿದ್ದ ನಾರ್ಮನ್ ಸೈನಿಕರಿಗೆ ಕೇಳಿಸಿದ್ದು ಬರೀ ಗದ್ದಲ. ಒಳಗೇನೋ ಮೋಸ ನಡೆಯಿತು ಅಂದುಕೊಂಡು ಸುತ್ತಲಿನ ಮನೆಗಳಿಗೆ ಬೆಂಕಿ ಹಚ್ಚಿದರು. ಒಳಗಿದ್ದವರು ಬೆಂಕಿ ನೋಡಿ ಹೊರಗೋಡಿದರು. ಕೆಲವರು ಆರಿಸಲು, ಕೆಲವರು ದೋಚಲು. ಉಳಿದದ್ದು ನಾಲ್ಕಾರು ಪಾದ್ರಿಗಳು ಮತ್ತು ರಾಜ. ಅವನು ಗಡಗಡ ನಡುಗುತ್ತಿದ್ದ ಎಂದು ಆರ್ಡೆರಿಕ್ ಎಂಬ ಸನ್ಯಾಸಿ ಮುಂದೆ ಬರೆದ. ಹೇಸ್ಟಿಂಗ್ಸ್‌ನಲ್ಲಿ ನಡುಗದ ಮನುಷ್ಯ, ಜನ ‘ಒಪ್ಪಿಗೆ’ ಅಂದ ಕ್ಷಣದಲ್ಲಿ ನಡುಗಿದ. ಹೊಸ ಆಡಳಿತದ ಸ್ಥಿತಿ ಇದೊಂದೇ ಗಳಿಗೆಯಲ್ಲಿ ಕಾಣುತ್ತದೆ. ಒಪ್ಪಿಗೆಯ ಕೂಗು ಕೂಡ ಕಾವಲುಗಾರರ ಕಿವಿಗೆ ದಂಗೆಯಾಗಿ ಕೇಳುತ್ತಿತ್ತು.

ಸಮಸ್ಯೆ ಏನಿತ್ತು

ವಿಲಿಯಂ ಎರಡು ಕಡೆ ಮಾತು ಕೊಟ್ಟಿದ್ದ.

ಇಂಗ್ಲೆಂಡಿನವರಿಗೆ ಹೇಳಿದ್ದು: ನಾನು ಎಡ್ವರ್ಡನ ವಾರಸುದಾರ, ಹಾಗಾಗಿ ಹಳೆಯ ಕಾನೂನು ಮುಂದುವರಿಯುತ್ತದೆ, ನಿಮ್ಮ ಜಮೀನು ನಿಮ್ಮದೇ. ಜೊತೆಗೆ ಬಂದ ಸೈನಿಕರಿಗೆ ಹೇಳಿದ್ದು: ಗೆದ್ದರೆ ನಿಮಗೆ ಜಮೀನು. ಆ ಸೈನ್ಯ ಸುಮಾರು ಏಳೆಂಟು ಸಾವಿರ ಜನ ಎಂಬುದು ಇಂದಿನ ಅಂದಾಜು. ನಾರ್ಮಂಡಿಯವರಷ್ಟೇ ಅಲ್ಲ, ಬ್ರಿಟನಿಯವರು, ಫ್ಲ್ಯಾಂಡರ್ಸ್‌ನವರೂ ಇದ್ದರು. ಪ್ರಾಣ ಪಣಕ್ಕಿಟ್ಟು ಕಡಲು ದಾಟಿ ಬಂದವರು ಬರಿಗೈಯಲ್ಲಿ ಹೋಗುತ್ತಾರಾ?

ಒಂದೇ ಸೈಟನ್ನು ಇಬ್ಬರಿಗೆ ಕ್ರಯ ಮಾಡಿಕೊಟ್ಟ ಹಾಗಾಯಿತು. ಇಬ್ಬರ ಕೈಯಲ್ಲೂ ಮಾತಿದೆ. ಇರುವುದು ಒಂದೇ ಜಾಗ.

ಏನೇನು ಪ್ರಯತ್ನ ಮಾಡಿದ

ಮೊದಲ ಉಪಾಯ ಜಾಣತನದ್ದು. ಸತ್ತವರ ಜಮೀನು ತೆಗೆದುಕೊಳ್ಳೋಣ, ಬದುಕಿದವರದ್ದು ಮುಟ್ಟುವುದು ಬೇಡ. ಹೆರಾಲ್ಡ್ ರಾಜನೇ ಅಲ್ಲ, ಸಿಂಹಾಸನ ಕದ್ದವನು. ಅವನ ಪರ ಹೋರಾಡಿ ಸತ್ತವರು ದ್ರೋಹಿಗಳು. ದ್ರೋಹಿಯ ಆಸ್ತಿ ರಾಜನಿಗೆ ಸೇರುತ್ತದೆ. ಹೀಗೆ ಹೆರಾಲ್ಡನ ಮನೆತನದ ದೊಡ್ಡ ದೊಡ್ಡ ಜಮೀನುಗಳು ಕೈಗೆ ಬಂದವು. ಬದುಕಿ ಉಳಿದವರು ಹಣ ಕಟ್ಟಿ ತಮ್ಮ ಜಮೀನನ್ನೇ ಮತ್ತೆ ಕೊಂಡುಕೊಳ್ಳಬೇಕಾಯಿತು. ಇಂಗ್ಲಿಷರ ಸ್ವಂತ ವೃತ್ತಾಂತ ಗ್ರಂಥದಲ್ಲೇ ಈ ಮಾತಿದೆ. ತಮ್ಮದನ್ನೇ ದುಡ್ಡು ಕೊಟ್ಟು ಬಿಡಿಸಿಕೊಂಡರು!

ಇಲ್ಲಿ ಒಂದು ಸಣ್ಣ ವಿಷಯ ಗಮನಿಸಿ. ಹೆರಾಲ್ಡ್ ಒಂಬತ್ತು ತಿಂಗಳು ಆಳಿದ್ದ. ಮುಂದಿನ ಸರ್ಕಾರಿ ಲೆಕ್ಕದಲ್ಲಿ ಆ ಒಂಬತ್ತು ತಿಂಗಳು ಇಲ್ಲವೇ ಇಲ್ಲ. ‘ಎಡ್ವರ್ಡ್ ರಾಜನ ಕಾಲದಲ್ಲಿ’ ಯಾರದ್ದು, ‘ಈಗ’ ಯಾರದ್ದು, ಅಷ್ಟೇ. ನಡುವಿನ ರಾಜನನ್ನು ಬರೀ ‘ದೊರೆ ಹೆರಾಲ್ಡ್’ ಎಂದು ಬರೆದರು. ಕಿರೀಟ ಇಟ್ಟ ರಾಜ ಕರೆದ ಎಂದು ಯುದ್ಧಕ್ಕೆ ಹೋದ ಸಾಮಾನ್ಯ ಮನುಷ್ಯ, ಆಮೇಲೆ ಬರೆದ ಒಂದು ಶಬ್ದದಿಂದ ದ್ರೋಹಿಯಾದ. ಅವನಿಗೆ ಆಗ ಬೇರೆ ದಾರಿ ಏನಿತ್ತು?

ಎರಡನೆಯ ಪ್ರಯತ್ನ, ಉಳಿದ ಇಂಗ್ಲಿಷ್ ದೊರೆಗಳನ್ನು ಜೊತೆಗಿಟ್ಟುಕೊಳ್ಳುವುದು. ಎಡ್ವಿನ್, ಮೊರ್ಕಾರ್, ವಾಲ್ಥಿಯೋಫ್ ಮೂವರೂ ತಮ್ಮ ಸ್ಥಾನದಲ್ಲೇ ಉಳಿದರು. ಎಡ್ವಿನ್‌ಗೆ ಮಗಳನ್ನು ಕೊಡುವ ಮಾತೂ ಆಗಿತ್ತು. ಆಡಳಿತದ ಪತ್ರಗಳು ಇಂಗ್ಲಿಷ್‌ನಲ್ಲೇ ಹೋಗುತ್ತಿದ್ದವು. ರಾಜ ಸ್ವತಃ ಇಂಗ್ಲಿಷ್ ಕಲಿಯಲು ಕೂತ. ಜನ ದೂರು ತಂದರೆ ನಡುವೆ ಇನ್ನೊಬ್ಬನಿಲ್ಲದೆ ಅರ್ಥವಾಗಲಿ ಎಂಬ ಆಸೆ. ಆಗ ಅವನಿಗೆ ನಲವತ್ತರ ಹತ್ತಿರ. ಕೆಲಸದ ಗಡಿಬಿಡಿಯಲ್ಲಿ ಅದು ಕೈಗೂಡಲಿಲ್ಲ. ಈ ಪ್ರಯತ್ನವನ್ನು ನಾನು ಹಗುರವಾಗಿ ನೋಡುವುದಿಲ್ಲ. ಕಲಿಯಲು ಕೂತಾಗ ಅವನ ಮನಸ್ಸಿನಲ್ಲಿ ನಿಜವಾಗಿಯೂ ಇಬ್ಬರಿಗೂ ರಾಜನಾಗುವ ಆಸೆ ಇತ್ತು ಅನಿಸುತ್ತದೆ.

ಆದರೆ ಆ ಪ್ರಯತ್ನವನ್ನು ಕೆಡಿಸಿದ್ದೂ ಅವನದೇ ತೀರ್ಮಾನ. 1067ರ ಮಾರ್ಚ್‌ನಲ್ಲಿ ನಾರ್ಮಂಡಿಗೆ ಹೊರಟ. ಇಂಗ್ಲಿಷ್ ದೊರೆಗಳನ್ನು ಜೊತೆಗೆ ಕರೆದೊಯ್ದ. ಗೌರವ ಅಂತ ಹೆಸರು, ನಿಜದಲ್ಲಿ ಒತ್ತೆಯಾಳು. ದೇಶವನ್ನು ತನ್ನ ತಮ್ಮ ಬಿಷಪ್ ಓಡೋ (ತಾಯಿ ಒಬ್ಬಳೇ, ತಂದೆ ಬೇರೆ) ಮತ್ತು ಹಳೆಯ ಗೆಳೆಯ ವಿಲಿಯಂ ಫಿಟ್ಸ್‌ಆಸ್ಬರ್ನ್ ಕೈಗೆ ಕೊಟ್ಟ. ಊರೂರಲ್ಲಿ ಕೋಟೆ ಎದ್ದವು. ಕೋಟೆಯ ಆಳುಗಳು ದೋಚಿದರು. ಜನ ದೂರು ಕೊಟ್ಟರೆ ಇವರಿಬ್ಬರೂ ಕೇಳಲಿಲ್ಲ. ‘ನಿಮಗೆ ಯಾರೂ ಅನ್ಯಾಯ ಮಾಡಲು ಬಿಡುವುದಿಲ್ಲ’ ಎಂದು ಬರೆದ ವರ್ಷವೇ ಇದು ನಡೆಯಿತು. ಡಿಸೆಂಬರ್‌ನಲ್ಲಿ ರಾಜ ವಾಪಸು ಬರುವ ಹೊತ್ತಿಗೆ ಕೆಂಟ್‌ನಲ್ಲಿ, ವೇಲ್ಸ್ ಗಡಿಯಲ್ಲಿ ದಂಗೆ ಆಗಿಹೋಗಿತ್ತು.

ಆ ಕೋಟೆಗಳನ್ನು ಸ್ವಲ್ಪ ಹತ್ತಿರದಿಂದ ನೋಡಿ. ಮಣ್ಣಿನ ದಿಬ್ಬ ಎತ್ತಿ, ಮೇಲೆ ಮರದ ಗೋಪುರ, ಸುತ್ತ ಕಂದಕ. ಅದಕ್ಕೆ ಜಾಗ ಬೇಕಲ್ಲ, ಊರಿನ ಮಧ್ಯೆ ಮನೆ ಕೆಡವಿದರು. ಲಿಂಕನ್ ಎಂಬ ಊರಲ್ಲಿ ಕೋಟೆಗಾಗಿ ಹೋದ ಮನೆಗಳು 166. ಯಾರ್ಕ್ ಊರಿಗೆ ಏಳು ಕೇರಿಗಳಿದ್ದವು, ಕೋಟೆಗಳಿಗಾಗಿ ಒಂದು ಕೇರಿ ಪೂರ್ತಿ ಹೋಯಿತು. ಈ ಲೆಕ್ಕ ಬರೆದದ್ದು ಗೆದ್ದವರ ಗುಮಾಸ್ತರೇ.

ತಿರುವು: ಯಾರ್ಕಿನ ಚಳಿಗಾಲ

1068ರಲ್ಲಿ ಎಕ್ಸೆಟರ್ ನಗರ 18 ದಿನ ಬಾಗಿಲು ಹಾಕಿಕೊಂಡು ಕೂತಿತು. ಕೊನೆಗೆ ಸಂಧಿಯಾಯಿತು. ವಿಲಿಯಂ ಊರು ದೋಚದಂತೆ ಸೈನಿಕರನ್ನು ತಡೆದ. ಅಂದರೆ ಅವನಿಗೆ ತಡೆಯಲು ಬರುತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಿ.

ಅದೇ ವರ್ಷ ಎಡ್ವಿನ್ ಮತ್ತು ಮೊರ್ಕಾರ್ ಸಿಡಿದೆದ್ದರು. ಮಗಳನ್ನು ಕೊಡುವ ಮಾತು ನಡೆಯಲಿಲ್ಲ ಅನ್ನುವುದೂ ಒಂದು ಕಾರಣ. 1069ರ ಜನವರಿಯಲ್ಲಿ ಡರಮ್ ಊರಿಗೆ ಬಂದ ಹೊಸ ನಾರ್ಮನ್ ದೊರೆಯನ್ನು ಅವನ ಆಳುಗಳ ಸಮೇತ ಕೊಂದರು. ಆ ವರ್ಷ ಡೆನ್ಮಾರ್ಕಿನ ರಾಜ ಇಂಗ್ಲಿಷರ ನೆರವಿಗೆ ದೊಡ್ಡ ಹಡಗುಪಡೆ ಕಳಿಸಿದ. 240 ಹಡಗು ಎನ್ನುತ್ತದೆ ಒಂದು ವೃತ್ತಾಂತ. ಸೆಪ್ಟೆಂಬರ್‌ನಲ್ಲಿ ಯಾರ್ಕಿನ ಎರಡೂ ಕೋಟೆ ಬಿದ್ದವು. ಬೆಂಕಿಯಲ್ಲಿ ದೊಡ್ಡ ಚರ್ಚೂ ಸುಟ್ಟುಹೋಯಿತು.

ವಿಲಿಯಂ ಎರಡು ಕೆಲಸ ಮಾಡಿದ. ಡೆನ್ಮಾರ್ಕಿನವರಿಗೆ ಹಣ ಕೊಟ್ಟ. ಅವರು ಸುಮ್ಮನಾದರು. ಅಲ್ಲಿನ ಜನರಿಗೆ ಕೊಟ್ಟದ್ದು ಬೇರೆ. ಸೈನ್ಯವನ್ನು ಗುಂಪು ಗುಂಪಾಗಿ ಹಂಚಿ ಹಳ್ಳಿಹಳ್ಳಿಗೆ ಕಳಿಸಿದ. ಕಣಜ, ನೇಗಿಲು, ದನಕರು, ಬಿತ್ತನೆ ಕಾಳು ಎಲ್ಲವನ್ನೂ ಸುಡಿ ಎಂದ. ಎದುರು ನಿಂತವರನ್ನು ಮಾತ್ರ ಹೊಡೆಯುವುದು ಗುರಿಯಾಗಿರಲಿಲ್ಲ. ಮುಂದಿನ ವರ್ಷ ಅಲ್ಲಿ ಯಾರೂ ಉಣ್ಣಬಾರದು, ಅದೇ ಗುರಿ.

ಆ ಹೊಗೆಯ ನಡುವೆ 1069ರ ಕ್ರಿಸ್‌ಮಸ್ ಬಂತು. ಹಾಳಾದ ಯಾರ್ಕಿನಲ್ಲಿ ಕೂತು ವಿಲಿಯಂ ವಿಂಚೆಸ್ಟರ್‌ಗೆ ಹೇಳಿಕಳಿಸಿ ಕಿರೀಟ ತರಿಸಿದ. ಹಬ್ಬದ ದಿನ ಅದನ್ನು ಹಾಕಿಕೊಂಡ. ಮೂರು ವರ್ಷದ ಹಿಂದೆ ಇದೇ ಹಬ್ಬದಂದು ಎರಡು ಭಾಷೆಯಲ್ಲಿ ಒಪ್ಪಿಗೆ ಕೇಳಿ ಕಿರೀಟ ಇಟ್ಟಿದ್ದರು. ಈ ಸಲ ಕೇಳಲು ಸುತ್ತ ಜನವೇ ಇರಲಿಲ್ಲ.

ಉತ್ತರದ ಜನ ಹಸಿವಿನಿಂದ ದಕ್ಷಿಣಕ್ಕೆ ನಡೆದರು. ಇನ್ನೂರು ಕಿಲೋಮೀಟರಿಗೂ ದೂರದ ಈವ್‌ಶಮ್ ಮಠದವರೆಗೆ ಬಂದವರಿದ್ದಾರೆ. ಮಠದವರು ಊಟ ಹಾಕಿದರು. ಆದರೆ ತುಂಬಾ ದಿನ ಉಪವಾಸವಿದ್ದ ದೇಹಕ್ಕೆ ಅನ್ನ ದಕ್ಕಲಿಲ್ಲ. ದಿನಾ ಐದಾರು ಜನ ಸಾಯುತ್ತಿದ್ದರು, ಮಠದವರೇ ಮಣ್ಣು ಮಾಡುತ್ತಿದ್ದರು ಎಂದು ಆ ಮಠದ ವೃತ್ತಾಂತ ಹೇಳುತ್ತದೆ. ಬಾಗಿಲಿನವರೆಗೆ ಬಂದು, ತಟ್ಟೆ ಮುಂದೆ ಕೂತು ಸತ್ತವರು. ಇದನ್ನು ಓದಿದಾಗಲೆಲ್ಲ ಪುಸ್ತಕ ಮುಚ್ಚಿಡಬೇಕು ಅನಿಸುತ್ತದೆ.

ಒಟ್ಟು ಒಂದು ಲಕ್ಷಕ್ಕೂ ಜಾಸ್ತಿ ಜನ ಸತ್ತರು ಎಂದು ಆರ್ಡೆರಿಕ್ ಬರೆದ. ಆ ಸಂಖ್ಯೆಯನ್ನು ಇಂದಿನವರು ಹಾಗೇ ನಂಬುವುದಿಲ್ಲ. ಆದರೆ ಆರ್ಡೆರಿಕ್ ಯಾರು ಅನ್ನುವುದು ಮುಖ್ಯ. ಅಪ್ಪ ಫ್ರಾನ್ಸಿನ ಓರ್ಲಿಯನ್ಸ್ ಕಡೆಯವನು, ಅಮ್ಮ ಇಂಗ್ಲಿಷ್ ಹೆಂಗಸು. ಹತ್ತನೆಯ ವಯಸ್ಸಿಗೆ ನಾರ್ಮಂಡಿಯ ಮಠ ಸೇರಿದವನು. ವಿಲಿಯಂನನ್ನು ಎಷ್ಟೋ ಕಡೆ ಹೊಗಳಿದ ಕೈ ಅದು. ಅದೇ ಕೈ, ಈ ಕೆಲಸಕ್ಕೆ ಮಾತ್ರ ನಾನು ಹೊಗಳಲಾರೆ ಎಂದು ಬರೆಯಿತು.

ಆಮೇಲೆ ಎಲ್ಲ ಬೇಗ ಬೇಗ ಆಯಿತು. 1070ರಿಂದ ರಾಜನ ಪತ್ರಗಳು ಇಂಗ್ಲಿಷ್ ಬಿಟ್ಟು ಲ್ಯಾಟಿನ್‌ಗೆ ತಿರುಗಿದವು. ಇಂಗ್ಲಿಷ್ ಬಿಷಪ್ಪರ ಜಾಗಕ್ಕೆ ಹೊರಗಿನವರು ಬಂದರು. ಎಡ್ವಿನ್ ಕೊಲೆಯಾದ, ಮೊರ್ಕಾರ್ ಸೆರೆ ಸೇರಿದ. 1076ರ ಮೇ 31ರಂದು ವಾಲ್ಥಿಯೋಫನ ತಲೆ ಕಡಿದರು.

ನನಗೆ ಕಾಣುವುದು

ಇಂಗ್ಲಿಷರು ಪದೇಪದೇ ದಂಗೆ ಎದ್ದರು, ಹಾಗಾಗಿ ಪಾಪ ವಿಲಿಯಂ ಗಟ್ಟಿಯಾಗಬೇಕಾಯಿತು ಎಂಬ ವಾದ ಹಳೆಯದು. ನನಗೆ ಅದು ಒಪ್ಪಿಗೆಯಿಲ್ಲ. ದಂಗೆಗಳ ಕಾರಣ ನೋಡುತ್ತಾ ಹಿಂದೆ ಹೋದರೆ ಸಿಗುವುದು ನಡೆಯದ ಮಾತು, ಕೇಳದ ದೂರು, ದುಡ್ಡು ಕೊಟ್ಟು ಬಿಡಿಸಿಕೊಂಡ ಸ್ವಂತ ಜಮೀನು. 1067ರಲ್ಲಿ ಓಡೋ ದೂರು ಕೇಳಿದ್ದರೆ, ರಾಜ ಒಂಬತ್ತು ತಿಂಗಳು ಆಚೆ ಇರದೆ ಹೋಗಿದ್ದರೆ ಏನಾಗುತ್ತಿತ್ತೋ ಹೇಳಲಾಗದು. ಆದರೆ ತಡೆಯುವ ಶಕ್ತಿ ಅವನಿಗಿತ್ತು ಎಂದು ಎಕ್ಸೆಟರ್ ತೋರಿಸಿದೆ. ಯಾರ್ಕಿನಲ್ಲಿ ಅವನು ತಡೆಯಲಿಲ್ಲ. ಅದು ತೀರ್ಮಾನ, ಅನಿವಾರ್ಯ ಅಲ್ಲ.

ಇನ್ನೊಂದು. ಮೊದಲ ಬಿರುಕು ಯಾರ್ಕಿನದ್ದೂ ಅಲ್ಲ. ಸತ್ತವರನ್ನು ದ್ರೋಹಿಗಳೆಂದು ಬರೆದಾಗಲೇ ಬಿರುಕು ಬಿಟ್ಟಿತ್ತು. ಒಮ್ಮೆ ಆ ಶಬ್ದ ಕೈಗೆ ಸಿಕ್ಕಿದ ಮೇಲೆ ಜಮೀನು ಬೇಕಾದಾಗಲೆಲ್ಲ ಅದನ್ನೇ ಬಳಸಬಹುದಿತ್ತು. ಪ್ರತಿ ದಂಗೆಯ ನಂತರ ಇನ್ನಷ್ಟು ದ್ರೋಹಿಗಳು, ಇನ್ನಷ್ಟು ಜಮೀನು.

ಲೆಕ್ಕದ ಪುಸ್ತಕ

1085ರಲ್ಲಿ ಡೆನ್ಮಾರ್ಕಿನಿಂದ ಮತ್ತೆ ದಾಳಿಯ ಭಯ. ಆ ಕ್ರಿಸ್‌ಮಸ್‌ಗೆ ಗ್ಲಾಸ್ಟರ್ ಊರಲ್ಲಿ ಸಭೆ ಸೇರಿಸಿ ಇಡೀ ದೇಶದ ಸರ್ವೆಗೆ ಅಪ್ಪಣೆ ಕೊಟ್ಟ. ಮರುವರ್ಷ ಅಧಿಕಾರಿಗಳು ಜಿಲ್ಲೆ ಜಿಲ್ಲೆ ತಿರುಗಿದರು. ಊರವರನ್ನು ಕೂರಿಸಿ ಪ್ರಮಾಣ ಮಾಡಿಸಿ ಕೇಳಿದರು. ಎಡ್ವರ್ಡನ ಕಾಲದಲ್ಲಿ ಈ ಜಮೀನು ಯಾರದ್ದು? ಈಗ ಯಾರದ್ದು? ನೇಗಿಲೆಷ್ಟು, ಆಳುಗಳೆಷ್ಟು, ಗಿರಣಿ ಎಷ್ಟು? ಒಂದು ಎತ್ತು, ಒಂದು ಹಸು, ಒಂದು ಹಂದಿಯನ್ನೂ ಬಿಡದೆ ಬರೆಸಿದ, ಹೇಳಲೂ ನಾಚಿಕೆ ಎಂದು ಇಂಗ್ಲಿಷ್ ವೃತ್ತಾಂತಕಾರ ನೊಂದು ಬರೆದ. 13,000ಕ್ಕೂ ಜಾಸ್ತಿ ಊರುಗಳು ಅದರಲ್ಲಿವೆ. ಜನ ಆ ಪುಸ್ತಕಕ್ಕೆ ಡೂಮ್ಸ್‌ಡೇ ಎಂದು ಹೆಸರಿಟ್ಟರು. ಲೋಕದ ಕೊನೆಯ ದಿನದ ತೀರ್ಪಿನ ಹಾಗೆ, ಅದರ ಮೇಲೆ ಮೇಲ್ಮನವಿ ಇಲ್ಲ ಅಂತ.

ಆ ಪುಸ್ತಕದಲ್ಲಿ ಒಂದು ಪದ ಮತ್ತೆ ಮತ್ತೆ ಬರುತ್ತದೆ: ಲ್ಯಾಟಿನ್‌ನ ‘ಆಂಟೆಸೆಸ್ಸರ್’. ಹಿಂದೆ ಆ ಜಮೀನು ಯಾರ ಹೆಸರಲ್ಲಿತ್ತೋ ಅವನು. ಹೊಸ ನಾರ್ಮನ್ ದೊರೆಗೆ ಒಬ್ಬ ಹಳೆಯ ಇಂಗ್ಲಿಷ್ ಮನುಷ್ಯನನ್ನು ಗುರುತು ಮಾಡಿ, ಅವನದ್ದೆಲ್ಲ ಇವನಿಗೆ ಎಂದು ಕೊಡುತ್ತಿದ್ದರು. ಗಡಿ ತಕರಾರು ಬಂದರೂ ನನ್ನ ಹಿಂದಿನವನಿಗೆ ಇತ್ತು, ಆದ್ದರಿಂದ ನನಗೆ ಬರಬೇಕು ಎಂದೇ ವಾದ. ಅಪ್ಪನ ಆಸ್ತಿ ಮಗನಿಗೆ ಅನ್ನುವ ಕಾನೂನು ಹಾಗೇ ಉಳಿಯಿತು. ಮಗನ ಜಾಗದಲ್ಲಿ ಮಾತ್ರ ಬೇರೆಯವನು ಬಂದು ನಿಂತ. 1086ರಲ್ಲಿ ನೇರವಾಗಿ ರಾಜನಿಂದಲೇ ದೊಡ್ಡ ಜಮೀನು ಪಡೆದಿದ್ದ ಇಂಗ್ಲಿಷರು ಇಬ್ಬರೇ ಉಳಿದಿದ್ದರು.

ಆ ಪುಸ್ತಕ ಬಹುಪಾಲು ಒಣ ಲೆಕ್ಕ. ಆದರೆ ಬಕಿಂಗ್‌ಹ್ಯಾಮ್‌ಶೈರ್‌ನ ಮಾರ್ಷ್ ಗಿಬ್ಬನ್ ಎಂಬ ಹಳ್ಳಿಯ ಕಡೆ ಒಂದು ಸಾಲು ಹೀಗಿದೆ. ಎಡ್ವರ್ಡನ ಕಾಲದಲ್ಲಿ ಈ ಜಮೀನು ಒಬ್ಬ ಇಂಗ್ಲಿಷ್ ಮನುಷ್ಯನ ಸ್ವಂತದ್ದು. ಈಗಲೂ ಅವನೇ ಇದ್ದಾನೆ. ಆದರೆ ಒಬ್ಬ ನಾರ್ಮನ್ ದೊರೆಯ ಕೈಕೆಳಗೆ, ಗೇಣಿಗೆ. ಅದೇ ಮಣ್ಣು, ಉಳುವವನೂ ಅವನೇ, ಕೊನೆಗೆ ಕಾಳು ಅಳೆದುಕೊಡುವುದು ಬೇರೆಯವನಿಗೆ. ಆ ಸಾಲಿನ ಕೊನೆಗೆ ಗುಮಾಸ್ತ ಎರಡು ಪದ ಸೇರಿಸಿದ್ದಾನೆ: ಭಾರದಿಂದ, ಸಂಕಟದಿಂದ. ಕಂದಾಯದ ಲೆಕ್ಕಕ್ಕೆ ಆ ಮಾತು ಬೇಕಿರಲಿಲ್ಲ. ಎದುರಿಗೆ ನಿಂತು ಹೇಳಿದವನ ದನಿಯೇ ಅಲ್ಲಿ ಉಳಿದುಬಿಟ್ಟಿದೆ.

ವಿಲಿಯಂ 1087ರ ಸೆಪ್ಟೆಂಬರ್ 9ರಂದು ರೂಆನ್ ಊರ ಹತ್ತಿರ ತೀರಿಕೊಂಡ. ಹೆಣವನ್ನು ನಾರ್ಮಂಡಿಯ ಕಾನ್ ಊರಿಗೆ, ಅವನೇ ಕಟ್ಟಿಸಿದ ಸಂತ ಸ್ಟೀಫನ್ ಚರ್ಚಿಗೆ ತಂದರು. ಬಿಷಪ್ಪರು, ದೊರೆಗಳು ಸೇರಿದ್ದರು. ಒಬ್ಬ ಬಿಷಪ್ ಸತ್ತವನನ್ನು ಹೊಗಳಿ, ಇವನು ಯಾರಿಗಾದರೂ ತಪ್ಪು ಮಾಡಿದ್ದರೆ ಕ್ಷಮಿಸಿ ಎಂದ.

ಆಗ ಗುಂಪಿನಿಂದ ಒಬ್ಬ ಎದ್ದು ನಿಂತ. ಇಂಗ್ಲಿಷ್‌ನವನಲ್ಲ, ಅದೇ ಊರಿನ ನಾರ್ಮನ್. ನೀವು ನಿಂತಿರುವ ಈ ಜಾಗ ನಮ್ಮ ಅಪ್ಪನ ಮನೆ ಇದ್ದ ಜಾಗ, ಇವನು ಡ್ಯೂಕ್ ಆಗಿದ್ದಾಗ ನಮ್ಮಪ್ಪನಿಂದ ಬಲವಂತವಾಗಿ ಕಿತ್ತುಕೊಂಡು ಚರ್ಚು ಕಟ್ಟಿಸಿದ, ನಮ್ಮ ನೆಲದಲ್ಲಿ ಇವನನ್ನು ಹೂಳಬೇಡಿ ಎಂದ. ಹಿರಿಯರು ಅಕ್ಕಪಕ್ಕದವರನ್ನು ವಿಚಾರಿಸಿದರು. ಹೌದು, ಅವನು ಹೇಳುವುದು ನಿಜ ಎಂದರು ಜನ. ಗುಂಡಿಯಷ್ಟು ಜಾಗಕ್ಕೆ ಅಲ್ಲೇ 60 ಶಿಲ್ಲಿಂಗ್ ಎಣಿಸಿ ಕೊಟ್ಟರು. ಉಳಿದ ನೆಲಕ್ಕೆ ಆಮೇಲೆ ಕೊಡುತ್ತೇವೆ ಎಂದು ಮಾತು ಕೊಟ್ಟರು. ಆಮೇಲೆ ಹೆಣವನ್ನು ಕೆಳಗಿಳಿಸಿದರು.